ಸತ್ಯಾಂಶ: ಅಲೆಗೆರೆ ಇಲ್ಲದ ಪೀಚೆಕತ್ತಿ ನಕಲಿಯಲ್ಲ

ಕೊಡವರ ಆಯುಧಗಳ ಹಬ್ಬವಾದ ಕೈಲ್‌ಪೋಳ್ದ್‌ಗೆ ಕತ್ತಿಗಳನ್ನು ಹೊರತೆಗೆದು ಒರೆಸಿಡುವ ಹೊತ್ತಿಗೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತದೆ: ಅಸಲಿ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ಒಡಿಕತ್ತಿ (ಅಗಲ ಅಲಗಿನ ಬಾಗಿದ ಕತ್ತಿ) ಇವುಗಳ ಅಲಗಿನಲ್ಲಿ ಮಣ್ಣಿನಿಂದ ಮೂಡಿದ ಅಲೆಯಂಥ ಗೆರೆ ಇರುತ್ತದೆ, ಗೆರೆ ಇಲ್ಲದ್ದು ನಕಲಿ ಎಂದು. ಇದು ತಪ್ಪು.

ಆ ಗೆರೆ ಪ್ರಸಿದ್ಧವಾದದ್ದು ಜಪಾನಿನ ಖಡ್ಗಗಳಿಂದ. ಅಲ್ಲಿ ಅದಕ್ಕೆ ಹಾಮೋನ್ ಎನ್ನುತ್ತಾರೆ. ಮಣ್ಣು ಉಕ್ಕಿನೊಳಗೆ ಇಳಿಯುವುದಿಲ್ಲ. ಅಲಗಿನ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಮಣ್ಣು ಬಳಿದು, ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೀರಿಗೆ ಅದ್ದಿದಾಗ, ಬಾಯಿಯ ಭಾಗ ತಟ್ಟನೆ ತಣಿದು ಮಾರ್ಟೆನ್ಸೈಟ್ ಎಂಬ ಗಡಸು ರೂಪದ ಉಕ್ಕಾಗುತ್ತದೆ, ಮಣ್ಣಿನಡಿಯ ಬೆನ್ನು ನಿಧಾನವಾಗಿ ತಣಿದು ಪರ್ಲೈಟ್ ಎಂಬ ಮೆದು ರೂಪದ ಉಕ್ಕಾಗುತ್ತದೆ. ಇವೆರಡರ ಗಡಿಯೇ ನಯವಾಗಿ ಉಜ್ಜಿದ ಮೇಲೆ ಗೆರೆಯಾಗಿ ಕಾಣುತ್ತದೆ. ಈ ಅದ್ದುವಿಕೆಯಲ್ಲಿ ಎಷ್ಟೋ ಅಲಗುಗಳು ಸೀಳಿಹೋಗುತ್ತವೆ, ಆದ್ದರಿಂದ ಆ ಕಸುಬಿನ ಮೇಲಿನ ಗೌರವ ಸಹಜವೇ.

ಆದರೆ ಇದಕ್ಕೆ ಮ್ಯಾಂಗನೀಸ್ ಕಡಿಮೆ ಇರುವ ಸಾದಾ ಇಂಗಾಲದ ಉಕ್ಕು ಬೇಕು. ಕಮ್ಮಾರರು ಕತ್ತಿಗೆ ಬಳಸುವ ಲಾರಿಯ ಲೀಫ್ ಸ್ಪ್ರಿಂಗ್‌ನಂಥ ಮಿಶ್ರಲೋಹದ ಉಕ್ಕು ನಿಧಾನವಾಗಿ ತಣಿದರೂ ಆಳದವರೆಗೆ ಗಡಸಾಗುವುದರಿಂದ, ಎಷ್ಟು ಮಣ್ಣು ಮೆತ್ತಿದರೂ ಸ್ಪಷ್ಟ ಗೆರೆ ಮೂಡುವುದು ಕಷ್ಟ. ಕತ್ತಿಯ ಗುಣಕ್ಕೆ ಅದರಿಂದ ಯಾವ ಕುಂದೂ ಇಲ್ಲ. ಅತ್ತ ಅಂಗಡಿಯ ಅಗ್ಗದ ಅಲಗಿನ ಮೇಲೆ ಆಮ್ಲದಿಂದಲೇ ಅಂಥದ್ದೇ ಗೆರೆ ಬರೆಯಬಹುದು. ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಅದು ಅಳಿಸಿಹೋಗಿ, ಮತ್ತೆ ತನ್ನಷ್ಟಕ್ಕೆ ಮೂಡುವುದಿಲ್ಲ.

ಮನೆತನದ ಹಳೆಯ ಪೀಚೆಕತ್ತಿಯನ್ನು ಪರೀಕ್ಷೆಗೆಂದು ಉಜ್ಜುವುದಾಗಲಿ, ಲೋಹವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುವುದಾಗಲಿ ದಯವಿಟ್ಟು ಬೇಡ. ಆ ದ್ರಾವಣ ತಗಲಿದರೆ ಹಿಡಿಯ ಬೆಳ್ಳಿ ಕೆಲಸವೂ ಹಾಳಾಗುತ್ತದೆ.