ಓಡುತ್ತದೆ ಸರಿ, ನಿಲ್ಲುತ್ತದೆಯೇ?

ಮೊನ್ನೆ ಗುರುವಾರ ಸಂಜೆ ಬೆಂಗಳೂರಿನ ಸುಮನಹಳ್ಳಿ ಮೇಲ್ಸೇತುವೆ ಇಳಿಯುವ ಕಡೆ, ನನ್ನ ಕಣ್ಣೆದುರೇ ಒಬ್ಬ ಹುಡುಗ ಗಾಡಿಸಮೇತ ಜಾರಿ ಬಿದ್ದ. ಮಳೆ ಜೋರಾಗಿರಲಿಲ್ಲ, ಆಗಷ್ಟೇ ಹನಿಯಲು ಶುರುವಾಗಿತ್ತು. ವೇಗವೂ ಇರಲಿಲ್ಲ, ಆ ಹೊತ್ತಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ವೇಗವಾಗಿ ಹೋಗುವುದು ಯಾರಿಗೂ ಸಾಧ್ಯವಿಲ್ಲ. ಮುಂದಿದ್ದ ಆಟೋ ನಿಂತಿತೆಂದು ಇವನು ಬ್ರೇಕ್ ತುಳಿದ, ಹಿಂದಿನ ಚಕ್ರ ಪಕ್ಕಕ್ಕೆ ಸರಿದುಕೊಂಡು ಹೋಯಿತು, ಅಷ್ಟೇ. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕರು ಎಚ್ಚರವಾಗಿದ್ದರಿಂದ ಮೊಣಕೈ, ಮೊಣಕಾಲು ತರಚಿದ್ದರಲ್ಲೇ ಮುಗಿಯಿತು.

ನಾವು ಮೂರ್ನಾಲ್ಕು ಜನ ಸೇರಿ ಗಾಡಿ ಎತ್ತಿ ಪಕ್ಕಕ್ಕೆ ನಿಲ್ಲಿಸಿದೆವು. ನೋಡಲು ಬಹಳ ಚೆಂದದ ಗಾಡಿ. ಹೊಸ ಸೀಟ್ ಕವರ್, ಟ್ಯಾಂಕಿನ ಮೇಲೆ ಹೊಸ ಸ್ಟಿಕ್ಕರ್, ಮುಂದೆ ಕಣ್ಣು ಕುಕ್ಕುವ ಎರಡು ಎಲ್‌ಇಡಿ ದೀಪ. ಹಿಂದಿನ ಟೈರಿನ ಪಕ್ಕಗಳು ಪಾಲಿಶ್ ಬಳಿದು ಕರ್ರಗೆ ಮಿಂಚುತ್ತಿದ್ದವು. ರಸ್ತೆಗೆ ತಾಗುವ ಭಾಗದ ಮೇಲೆ ಬೆರಳಾಡಿಸಿದೆ. ಗೆರೆಗಳ ನಡುವೆ, ಟೈರ್ ಎಷ್ಟು ಸವೆದಿದೆ ಎಂದು ತಿಳಿಯಲಿ ಎಂದೇ ತಯಾರಕರು ಬಿಟ್ಟಿರುವ ಸಣ್ಣ ಉಬ್ಬುಗಳು ಇರುತ್ತವಲ್ಲ, ಆ ಉಬ್ಬುಗಳ ಮಟ್ಟಕ್ಕೆ ಟೈರ್ ಸವೆದು ನುಣ್ಣಗಾಗಿತ್ತು. ಮಗ್ಗುಲಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ 3816. ಅಂದರೆ 2016ನೆಯ ಇಸವಿಯ 38ನೆಯ ವಾರದಲ್ಲಿ ತಯಾರಾದ ಟೈರು.

"ಸೆಕೆಂಡ್ ಹ್ಯಾಂಡ್ ತಗೊಂಡು ಇನ್ನೂ ಒಂದು ತಿಂಗಳೂ ಆಗಿಲ್ಲ ಅಣ್ಣಾ. ಟೈರು ಹೊಸದರ ಥರಾನೇ ಕಪ್ಪಗಿತ್ತು" ಎಂದ ಹುಡುಗ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಮೊದಲ ಕೆಲಸ, ಮೊದಲ ಗಾಡಿ. ಆ ಟೈರಿಗೆ ಪಾಲಿಶ್ ಬಳಿದ ಕೈಯ ಮೇಲೆ ಬಂದ ಕೋಪ ಮಾತ್ರ ಇನ್ನೂ ಇಳಿದಿಲ್ಲ. ಆ ಟೈರು ಬೋಳಾಗಿದೆ ಎಂದು ಪಾಲಿಶ್ ಬಳಿದವನಿಗೆ ಗೊತ್ತಿರಲೇಬೇಕು. ಬಟ್ಟೆ ಹಿಡಿದು ಅಷ್ಟು ಹತ್ತಿರದಿಂದ ಟೈರನ್ನು ಉಜ್ಜಿದವನಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

ಪೀಣ್ಯದಲ್ಲಿ ನಾನು ಮಾಡುವುದು ಕ್ವಾಲಿಟಿ ವಿಭಾಗದ ಕೆಲಸ ಎಂಬುದು ನಿಮಗೆಲ್ಲ ತಿಳಿದದ್ದೇ. ಸವೆದ ಭಾಗವನ್ನು ಹೊಳಪು ಕೊಟ್ಟು ಮುಂದೆ ಕಳಿಸಿದರೆ ನಮ್ಮಲ್ಲಿ ಕೆಲಸ ಹೋಗುತ್ತದೆ. ಹಳೆ ಗಾಡಿಯ ವ್ಯಾಪಾರದಲ್ಲಿ ಅದೇ ಕೆಲಸಕ್ಕೆ ಮೇಲೆ ಐದು ಸಾವಿರ ಸಿಗುತ್ತದೆ. ಕೊಳ್ಳುವವರು ಕೇಳುವ ಪ್ರಶ್ನೆಗಳೂ ಹಾಗೆಯೇ ಇರುತ್ತವೆ: ಸ್ಟಾರ್ಟ್ ಆಗುತ್ತಾ, ಮೈಲೇಜ್ ಎಷ್ಟು, ಎಷ್ಟನೇ ಓನರು, ಕೊನೆಗೆ ಎಷ್ಟಕ್ಕೆ ಕೊಡ್ತೀರಾ. ಗಾಡಿ ಓಡುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ಸರಿಯಾಗಿ ನಿಲ್ಲುತ್ತದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಈ ಊರಿನಲ್ಲಿ ನಾವು ಓಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು. ಕೆಂಗೇರಿಯಿಂದ ಹೊರಟು ನಾಯಂಡಹಳ್ಳಿ, ನಾಗರಬಾವಿ, ಸುಮನಹಳ್ಳಿ, ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಬ್ರೇಕನ್ನು ಎಷ್ಟು ಸಲ ಒತ್ತುತ್ತೇವೆ ಎಂದು ಆ ದಾರಿಯಲ್ಲಿ ಹೋಗುವವರಿಗೆ ನಾನು ಹೇಳಬೇಕಾಗಿಲ್ಲ.

ನನ್ನದು 2009ರ ಹೀರೋ ಹೋಂಡಾ ಸ್ಪ್ಲೆಂಡರ್, 97.2 ಸಿಸಿ. ನಾನು ಅದಕ್ಕೆ ಮೂರನೆಯ ಮಾಲೀಕ. 2015ರಿಂದ ವರ್ಷದ ಎಲ್ಲಾ ಕಾಲದಲ್ಲೂ ಇದರ ಮೇಲೆಯೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಎರಡೂ ಕಡೆ ಡ್ರಮ್ ಬ್ರೇಕು, ಕಾರ್ಬೊರೇಟರ್, ಒಂದು ಲೀಟರಿಗಿಂತ ತುಸು ಕಡಿಮೆ ಎಂಜಿನ್ ಆಯಿಲ್, ಇಷ್ಟೇ ಇದರ ಸಂಸಾರ. ಈ ಗಾಡಿಯ ಹಿಂದಿನ ಚಕ್ರದ ಬಳಿ ಬಗ್ಗಿ ನೋಡಿದರೆ ಬ್ರೇಕ್ ತೋಳಿನ ಬುಡದಲ್ಲಿ ಒಂದು ಸಣ್ಣ ಬಾಣದ ಗುರುತು, ಪಕ್ಕದ ಪ್ಲೇಟಿನ ಮೇಲೆ ಇನ್ನೊಂದು ಗುರುತು ಕಾಣುತ್ತದೆ. ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಬಾಣ ಆ ಗುರುತಿಗೆ ಬಂದು ಮುಟ್ಟಿದರೆ ಬ್ರೇಕ್ ಶೂ ಮುಗಿದಿದೆ ಎಂದು ಅರ್ಥ. ಚಕ್ರ ಬಿಚ್ಚಬೇಕಿಲ್ಲ, ಮೆಕ್ಯಾನಿಕ್ ಬೇಕಾಗಿಲ್ಲ, ಕಾಸೂ ಖರ್ಚಿಲ್ಲ. ಇಷ್ಟು ವರ್ಷಗಳಿಂದ ರಸ್ತೆಯ ಮೇಲಿರುವ ಲಕ್ಷಾಂತರ ಸ್ಪ್ಲೆಂಡರ್‌ಗಳಲ್ಲಿ ಈ ಗುರುತು ಇದೆ. ಅದನ್ನು ಬಗ್ಗಿ ನೋಡಿದವರು ಎಷ್ಟು ಮಂದಿ ಸಿಗುತ್ತಾರೆ ಎಂದು ನಿಮ್ಮ ಬೀದಿಯಲ್ಲೇ ವಿಚಾರಿಸಿ. ಬಾಣ ಎಲ್ಲಿಗೇ ಬಂದಿರಲಿ, ಬ್ರೇಕ್ ಸಡಿಲವಾಯಿತು ಎನಿಸಿದ ಕೂಡಲೇ ರಾಡಿನ ನಟ್ ಬಿಗಿ ಮಾಡಿಕೊಂಡು ಮುಂದೆ ಹೋಗುವುದು ನಮ್ಮ ಅಭ್ಯಾಸ.

ಟೈರಿನ ವಿಷಯಕ್ಕೇ ಮತ್ತೆ ಬರುತ್ತೇನೆ. ನಮ್ಮ ಮಳೆಗಾಲ ಜೂನ್‌ನಲ್ಲಿ ಆರಂಭವಾಗಿ ಸೆಪ್ಟೆಂಬರಿಗೆ ಮುಗಿಯುವಂಥದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು, ಆಲಿಕಲ್ಲಿನ ಮಳೆ, ಮುರಿದು ಬೀಳುವ ಕೊಂಬೆಗಳು. ವರ್ಷದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂರು ದಿನ ಬಿಡದ ಜಿಟಿಜಿಟಿ. ಇವುಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಧಾರಾಕಾರ ಮಳೆಗಲ್ಲ, ವಾರಗಟ್ಟಲೆ ಒಣಗಿದ ರಸ್ತೆಯ ಮೇಲೆ ಬೀಳುವ ಮೊದಲ ಹತ್ತು ನಿಮಿಷದ ಹನಿಗೆ. ವಾಹನಗಳಿಂದ ಸೋರಿದ ಎಣ್ಣೆ, ಟೈರಿನ ಪುಡಿ, ಮಣ್ಣಿನ ಧೂಳು ಎಲ್ಲವೂ ಕೊಚ್ಚಿಹೋಗುವಷ್ಟು ನೀರು ಬಿದ್ದಿರುವುದಿಲ್ಲ, ಕಲಸಿ ಲೇಪವಾಗುವಷ್ಟು ಮಾತ್ರ ಬಿದ್ದಿರುತ್ತದೆ. ಜಾಡಿನ ಬಿಳಿ ಗೆರೆ, ಮೇಲ್ಸೇತುವೆಯ ಕಬ್ಬಿಣದ ಜೋಡಣೆ, ಮ್ಯಾನ್‌ಹೋಲಿನ ಮುಚ್ಚಳ ಇವುಗಳ ಮೇಲೆ ಆಗ ಚಕ್ರಕ್ಕೆ ಹಿಡಿತವೇ ಸಿಗುವುದಿಲ್ಲ. ಟೈರಿನ ಗೆರೆಗಳು ಇರುವುದು ಆ ನೀರನ್ನು ಪಕ್ಕಕ್ಕೆ ದೂಡಲಿಕ್ಕೆ. ಗೆರೆಯೇ ಇಲ್ಲದ ಟೈರಿಗೆ ಎಷ್ಟು ಪಾಲಿಶ್ ಬಳಿದರೂ ನೀರು ಪಕ್ಕಕ್ಕೆ ಹೋಗುವುದಿಲ್ಲ.

"ಪಾಪದ ಜನ, ಸಂಬಳ ಕಡಿಮೆ, ಟೈರು ಬ್ರೇಕು ಎಂದು ದುಡ್ಡು ಸುರಿಯಲು ಅವರಿಂದ ಆಗುತ್ತದೆಯೇ" ಎಂದು ಕೆಲವರು ಕೇಳುತ್ತಾರೆ. ಈ ಮಾತಿಗೆ ನಾನು ಗೌರವ ಕೊಡುತ್ತೇನೆ, ಏಕೆಂದರೆ ಗಾರ್ಮೆಂಟ್ಸ್‌ಗೆ ಹೆಂಡತಿಯನ್ನು ಬಿಟ್ಟು, ತಾನು ಪೀಣ್ಯದ ಶೆಡ್ಡಿಗೆ ಹೋಗುವವನ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆದರೆ ಅದೇ ಗಾಡಿಯ ಮೇಲೆ ಎಲ್‌ಇಡಿ ದೀಪವೂ ಸದ್ದು ಮಾಡುವ ಸೈಲೆನ್ಸರೂ ಬಂದು ಕೂತಿರುವಾಗ ಈ ವಾದವನ್ನು ಒಪ್ಪುವುದು ಹೇಗೆ? ನೂರು ಸಿಸಿ ಗಾಡಿಯ ಹಿಂದಿನ ಟೈರಿಗೆ ಎರಡು ಸಾವಿರದ ಆಸುಪಾಸು, ಬ್ರೇಕ್ ಶೂಗೆ ಕೆಲವು ನೂರು ರೂಪಾಯಿ. ದುಡ್ಡು ನಿಜವಾಗಿಯೂ ಇಲ್ಲದವರನ್ನು ನಾನು ನೋಡಿದ್ದೇನೆ. ಅವರು ಸೀಟು ಹರಿದಿದ್ದರೂ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಓಡಾಡುತ್ತಾರೆ, ಬ್ರೇಕನ್ನು ಮಾತ್ರ ಸರಿಯಾಗಿ ಇಟ್ಟುಕೊಂಡಿರುತ್ತಾರೆ, ಏಕೆಂದರೆ ಒಂದು ದಿನ ಬಿದ್ದು ಕೈ ಮುರಿದುಕೊಂಡರೆ ಮನೆಯಲ್ಲಿ ಉಣ್ಣುವವರ ಗತಿ ಏನು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಕೆಲವರದು ಬೇರೆ ಸಲಹೆ: ಹಳೇ ಗಾಡಿಯ ಸಹವಾಸವೇ ಬೇಡ, ಕಂತಿನಲ್ಲಿ ಹೊಸದು ತೆಗೆದುಕೊಳ್ಳಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಗಾಡಿಗಳಲ್ಲಿ 125 ಸಿಸಿವರೆಗಿನವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ ಎಂಬುದು ನಿಜ, ಅದು ಒಳ್ಳೆಯದೂ ಹೌದು. ಆದರೆ ಆ ಹೊಸ ಗಾಡಿಗೂ ರಸ್ತೆಗೂ ನಡುವೆ ಇರುವುದು ಅದೇ ಟೈರು. ಐದು ವರ್ಷ ಕಳೆದ ಮೇಲೆ ಅದೂ ಹಳೇ ಗಾಡಿಯೇ, ಅದೂ ಇದೇ ಸಂತೆಗೆ ಬರುತ್ತದೆ, ಅದರ ಟೈರಿಗೂ ಯಾರೋ ಒಬ್ಬರು ಪಾಲಿಶ್ ಬಳಿಯುತ್ತಾರೆ. ಮೆಟ್ರೋದಲ್ಲಿ ಹೋಗಬಾರದೇ ಎಂದೂ ಕೇಳುತ್ತಾರೆ. ಕೆಂಗೇರಿಯಿಂದ ಪೀಣ್ಯಕ್ಕೆ ಮೆಟ್ರೋದಲ್ಲಿ ಹೋಗಬೇಕಾದರೆ ಊರ ನಡುವಿನ ಮೆಜೆಸ್ಟಿಕ್‌ಗೆ ಹೋಗಿ, ನೇರಳೆಯಿಂದ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮತ್ತೆ ಹೊರಗೆ ಬರಬೇಕು. ಪಶ್ಚಿಮದ ಹೊರವರ್ತುಲ ರಸ್ತೆಯ ಗುಂಟ ಹೋಗುವ ಮೂರನೇ ಹಂತದ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದೇ 2024ರ ಆಗಸ್ಟ್‌ನಲ್ಲಿ. ಅದು ಬಂದ ದಿನ ಮೊದಲ ಟಿಕೆಟ್ ನಾನು ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ನನ್ನಂಥವರಿಗೆ ಗಾಡಿಯೇ ಗತಿ.

ಈಗ ಇನ್ನೊಂದು ನೆಪ ಹುಟ್ಟಿಕೊಂಡಿದೆ: ಎಥನಾಲ್. ಗಾಡಿ ಎಳೆಯದಿದ್ದರೂ ಎಥನಾಲ್, ಚೈನ್ ಕಿರುಗುಟ್ಟಿದರೂ ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ನನ್ನಂಥ ಹಳೇ ಕಾರ್ಬೊರೇಟರ್ ಗಾಡಿಗಾಗಿ ತಯಾರಾದದ್ದಲ್ಲ ಎಂಬುದು ಸತ್ಯ, ಅದು ತೇವಾಂಶವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿಗೂ ಒಗ್ಗುವುದಿಲ್ಲ. ಅದಕ್ಕೇ ನಾನು ಪೆಟ್ರೋಲ್ ಪೈಪನ್ನು ಬದಲಾಯಿಸಿದ್ದೇನೆ, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿಲ್ಲ. ಆದರೆ ಬೋಳು ಟೈರನ್ನು ಎಥನಾಲಿನ ತಲೆಗೆ ಕಟ್ಟಲು ಬರುವುದಿಲ್ಲ.

ಕಾಗದಪತ್ರದ ವಿಷಯದಲ್ಲೂ ಇದೇ ಕಥೆ. ಗಾಡಿ ಓಡುತ್ತಿದೆಯಲ್ಲ, ಆರ್‌ಸಿ ಯಾರ ಹೆಸರಿನಲ್ಲಿದ್ದರೇನು ಎನ್ನುವ ಧೋರಣೆ. ಮಾರುವವರು ಮಾಲೀಕತ್ವ ವರ್ಗಾಯಿಸುವ 29 ಮತ್ತು 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿ ಕೊಟ್ಟುಬಿಡುತ್ತಾರೆ, ಕೊಂಡವರು ಅದನ್ನು ಸೀಟಿನ ಕೆಳಗೆ ಮಡಿಸಿಟ್ಟು ಎರಡು ವರ್ಷ ಓಡಿಸಿ ಹಾಗೆಯೇ ಮತ್ತೊಬ್ಬರಿಗೆ ದಾಟಿಸುತ್ತಾರೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಬೋಳು ಟೈರಿಗೆ ಪಾಲಿಶ್ ಬಳಿದು ಮಾರಿ, ಆರ್‌ಸಿಯನ್ನೂ ವರ್ಗಾಯಿಸದೆ ಬಿಟ್ಟವರು ಒಮ್ಮೆ ಈ ಎರಡನ್ನೂ ಜೋಡಿಸಿ ಯೋಚಿಸಬೇಕು: ಆ ಗಾಡಿ ಯಾರಿಗೋ ಹೊಡೆದ ದಿನ ನೋಟಿಸ್ ಬರುವುದು ಅವರ ಮನೆಗೆ. ನನ್ನ ಗಾಡಿಗೆ ಹದಿನೈದು ವರ್ಷ ತುಂಬಿದಾಗ ಆರ್‌ಟಿಒಗೆ ಒಯ್ದು, ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೆ ನವೀಕರಿಸಿಕೊಂಡು ಬಂದಿದ್ದೇನೆ. 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕ 300ರಿಂದ 1,000 ರೂಪಾಯಿಗೆ ಏರಿದೆ. ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಯೂ ತಪ್ಪಿಲ್ಲ. ಇದೆಲ್ಲ ಅಲೆದಾಟವೇ, ಆದರೆ ಇದನ್ನು ಮಾಡದೆ ಇರಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಬಿಡಿಸಿ ಹೇಳಬೇಕೆಂದರೆ, ನನಗೆ ಹೊಸ ಗಾಡಿ ಬೇಕೆಂದು ಎಂದೂ ಅನಿಸಿಲ್ಲ. ಕೊಳ್ಳುವ ಶಕ್ತಿ ಬಂದ ಮೇಲೂ ಅನಿಸಿಲ್ಲ. ಡಿಸೆಂಬರಿನ ಚಳಿಯ ಬೆಳಗ್ಗೆ ಚೋಕ್ ಎಳೆದು, ಎರಡನೇ ಕಿಕ್ಕಿಗೆ ಅದು ಮಾತಾಡಿ, ಅರ್ಧ ನಿಮಿಷದಲ್ಲಿ ಉಸಿರು ಹದಕ್ಕೆ ಬಂದಾಗ ಆಗುವ ಸಂತೋಷವನ್ನು ನಾನು ಮನೆಯವರಿಗೂ ವಿವರಿಸಲಾರೆ. ಭಾನುವಾರ ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು, ಚೈನು ಎಷ್ಟು ಜೋತಾಡುತ್ತದೆ ಎಂದು ಬೆರಳಿನಿಂದ ಮೇಲೆ ಕೆಳಗೆ ಮಾಡಿ ನೋಡುವುದು, ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚಾಗಿದ್ದರೆ ಎರಡೂ ಕಡೆ ಸಮವಾಗಿ ಬಿಗಿ ಮಾಡುವುದು, ನೀರು ನಿಂತ ರಸ್ತೆ ದಾಟಿ ಬಂದ ದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸುವುದು, ಇವು ನನಗೆ ಹೊರೆ ಎನಿಸಿಲ್ಲ. ಹಳೇ ಗಾಡಿ ಅಪಾಯ ಎಂದು ಯಾರಾದರೂ ಹೇಳಿದರೆ ನನಗೆ ಇಷ್ಟು ಸಿಟ್ಟು ಬರುವುದು ಇದಕ್ಕೇ. ಹದಿನೈದು ವರ್ಷ ದಾಟಿದ ನನ್ನ ಗಾಡಿ ಗುರುವಾರ ಅದೇ ಮೇಲ್ಸೇತುವೆಯ ಮೇಲೆ, ಅದೇ ಹನಿಯಲ್ಲಿ, ಆ ಹುಡುಗನಿಂದ ಮೂರು ಮಾರು ಹಿಂದೆ ನೇರವಾಗಿ ಬಂದು ನಿಂತಿತು.

ಆ ಹುಡುಗ ನನ್ನ ನಂಬರ್ ತೆಗೆದುಕೊಂಡಿದ್ದಾನೆ. ಶನಿವಾರ ಅವನ ಜೊತೆ ಟೈರ್ ಅಂಗಡಿಗೆ ಹೋಗುತ್ತಿದ್ದೇನೆ, ಮುಂದಿನ ಬ್ರೇಕ್ ಪ್ಯಾಡನ್ನೂ ಹ್ಯಾಂಡಲ್ ತಿರುಗಲು ಇರುವ ಬೇರಿಂಗ್, ಅಂದರೆ ಕೋನ್ ಸೆಟ್ಟನ್ನೂ ಅಲ್ಲೇ ಪಕ್ಕದ ಗ್ಯಾರೇಜಿನಲ್ಲಿ ತೋರಿಸಬೇಕು. ಕೆಂಗೇರಿ, ನಾಗರಬಾವಿ, ಪೀಣ್ಯದ ಸುತ್ತಮುತ್ತ ನಿಮ್ಮಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದರೆ ಅಡ್ವಾನ್ಸ್ ಕೊಡುವ ಮೊದಲು ನನಗೊಂದು ಮೆಸೇಜ್ ಹಾಕಿ, ಜೊತೆಗೆ ಬರುತ್ತೇನೆ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ಮೆಲ್ಲಗೆ ತಿರುಗಿಸಿ ನೋಡೋಣ, ನಡುವೆ ಕಚ್ಚಿ ನಿಂತಂತಾದರೆ ಕೋನ್ ಸೆಟ್ ಹೋಗಿದೆ ಎಂದು ತಿಳಿಯುತ್ತದೆ. ಶಾಕ್ಸ್‌ನಲ್ಲಿ ಎಣ್ಣೆ ಜಿನುಗಿದೆಯೇ, ರಿಮ್ ಬೆಂಡಾಗಿದೆಯೇ, ಟೈರಿನ ನಾಲ್ಕು ಅಂಕಿ ಏನು ಹೇಳುತ್ತವೆ, ಗಾಡಿಯ ನೋಂದಣಿ ನಂಬರಿನ ಮೇಲೆ ಬಾಕಿ ದಂಡ ಎಷ್ಟಿದೆ, ಎಲ್ಲವನ್ನೂ ಅರ್ಧ ಗಂಟೆಯಲ್ಲಿ ನೋಡಬಹುದು. ಕತ್ತಲಾದ ಮೇಲೆ ಮಾತ್ರ ಕರೆಯಬೇಡಿ, ಬೀದಿ ದೀಪದ ಬೆಳಕಿನಲ್ಲಿ ಎಲ್ಲಾ ಟೈರೂ ಚೆನ್ನಾಗಿಯೇ ಕಾಣುತ್ತದೆ. ಬೆಳಗ್ಗೆ ಹೋಗೋಣ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಎಂದು ನೋಡಬೇಕು, ಅದಕ್ಕೇ ನಾವು ಬರುವ ಮೊದಲು ಅದನ್ನು ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಹೇಳಿಬಿಡಿ.