ಸೋತು ಗಿಟ್ಟಿಸಿದ ಬಡ್ತಿ

ನನಗೆ ಬಡ್ತಿ ಸಿಕ್ಕ ದಿನ ಮೊದಲು ಫೋನ್ ಮಾಡಿದವರು ನಮ್ಮ ಟೆನಿಸ್ ತಂಡದ ಕ್ಯಾಪ್ಟನ್ನು. ಹಾಸನದ ಕಡೆಯವರು. ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷವಾದರೂ ದನಿಯಿಂದ ಊರು ಹೋಗಿಲ್ಲ. ‘ಹಿಂಗಾಗಬಾರ್ದಿತ್ತು ಕಣಯ್ಯಾ’ ಎಂದು ಸುಮ್ಮನಾದರು. ಹಿಂದಿನಿಂದ ಅವರ ಹೆಂಡತಿ ‘ಯಾರು ಹೋದ್ರು?’ ಅಂದದ್ದು ನನಗೂ ಕೇಳಿಸಿತು.

ಅಮೆರಿಕದ ಹವ್ಯಾಸಿ ಲೀಗ್‌ಗಳಲ್ಲಿ ಆಟಗಾರರ ಮಟ್ಟ ಅಳೆಯಲು ಎನ್‌ಟಿಆರ್‌ಪಿ ಅಂತ ಒಂದು ಲೆಕ್ಕ. 3.0, 3.5, 4.0 ಎಂದು ಅರ್ಧರ್ಧ ಮೆಟ್ಟಿಲು. ನಮ್ಮದು 3.0 ತಂಡ, ಅದರಲ್ಲಿ 3.5ರವನು ಆಡುವಂತಿಲ್ಲ. ವರ್ಷದ ಕೊನೆಗೆ ಕಂಪ್ಯೂಟರ್ ಹೊಸ ಅಂಕ ಹಚ್ಚುತ್ತದೆ. ಒಳಗೊಳಗೆ ನೂರನೇ ಒಂದು ಪಾಲಿನವರೆಗೂ ಲೆಕ್ಕ ಇಟ್ಟಿರುತ್ತದೆ, ನಮಗೆ ತೋರಿಸುವುದಿಲ್ಲ.

ಆ ವರ್ಷ ನಾನು ಆಡಿದ ಎಂಟು ಸಿಂಗಲ್ಸ್‌ನಲ್ಲಿ ಆರು ಸೋತಿದ್ದೆ. ಸೋಲಲಿಕ್ಕೆಂದೇ ಕಳಿಸುತ್ತಿದ್ದರು! ಎದುರು ತಂಡದ ಗಟ್ಟಿ ಕುಳ ಒಂದನೇ ಸಿಂಗಲ್ಸ್‌ಗೆ ಬರುತ್ತಾನೆಂದು ವಾಸನೆ ಹತ್ತಿದರೆ ಸಾಕು, ಹರಕೆಯ ಕುರಿ ನಾನು. ಗೆಲ್ಲುವವರನ್ನೆಲ್ಲ ಉಳಿದ ಕೋರ್ಟುಗಳಿಗೆ ಹಂಚುವುದು ಕ್ಯಾಪ್ಟನ್ನರ ಯುಕ್ತಿ. ನಾನೂ ಮರ್ಯಾದೆಗೆ ಅಂಜಿ, ಚೆಂಡನ್ನು ಆಕಾಶಕ್ಕೆ ಎತ್ತಿ ಎತ್ತಿ, 4-6, 5-7 ಅಂತ ಸೋಲುತ್ತಿದ್ದೆ. ಗೆದ್ದವರೇ ಕೈ ಕುಲುಕುವಾಗ ಮುಖ ಸಿಂಡರಿಸುತ್ತಿದ್ದರು. ಹೀಗೆ ಎತ್ತಿ ಎತ್ತಿ ಲಾಬ್ ಹೊಡೆಯುವವನನ್ನು ಕಂಡರೆ ಯಾರಿಗೂ ಆಗುವುದಿಲ್ಲ.

ಎಡವಟ್ಟಾದದ್ದು ಅಲ್ಲೇ. ಕಂಪ್ಯೂಟರ್ ನೋಡುವುದು ಸೋತೆಯೋ ಗೆದ್ದೆಯೋ ಅಂತಲ್ಲ, ಯಾರ ಮೇಲೆ ಎಷ್ಟು ಗೇಮ್ ಅಂತರ ಅಂತ. ಇವನು 1-6, 2-6ರಲ್ಲಿ ಮಲಗಬೇಕಿತ್ತು, ಮಲಗಲಿಲ್ಲ, ಹಾಗಾದರೆ ಭಾರಿ ಆಟಗಾರನೇ ಇರಬೇಕು ಎಂದು ಸೋಲಿನ ಮೇಲೆ ಸೋಲಿಗೆ ನನ್ನನ್ನು ಚೂರುಚೂರೇ ಮೇಲಕ್ಕೆತ್ತಿತ್ತು. ಸಾದಾ ಆಟಗಾರನೊಬ್ಬನನ್ನು ಏದುಸಿರು ಬಿಟ್ಟು ಸೋಲಿಸಿದಾಗ ಇಳಿಸಿಯೂ ಇದ್ದೀತು.

ಕ್ಯಾಪ್ಟನ್ ಮೇಲ್ಮನವಿಯ ಗುಂಡಿ ಒತ್ತಿಸಿದರು. ಬೆರಳು ತೆಗೆಯುವುದರೊಳಗೆ ತಿರಸ್ಕೃತ. ನಮ್ಮ ಕಡೆ ಕಚೇರಿಗಳಲ್ಲಾದರೆ ‘ನಾಳೆ ಬನ್ನಿ’ ಅಂತಾದರೂ ಅನ್ನುತ್ತಿದ್ದರು.

3.5ರಲ್ಲಿ ಮೊದಲ ಪಂದ್ಯ 0-6, 1-6. ಆ ಒಂದು ಗೇಮೂ ಎದುರಾಳಿಯ ಡಬಲ್ ಫಾಲ್ಟುಗಳ ದಾನ. ಇಲ್ಲಿ ಲಾಬ್ ಎತ್ತಿದರೆ ಮುಖ ಸಿಂಡರಿಸುವುದಿಲ್ಲ, ಕೆಳಗೆ ನಿಂತು ಕಾದು ಬಾರಿಸುತ್ತಾರೆ.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನು. ಬಡ್ತಿಯ ಸುದ್ದಿಯನ್ನು ನನ್ನಾಕೆ ಅರ್ಧ ಮಾತ್ರ ಮುಟ್ಟಿಸಿದ್ದಳು.

‘ಸಂಬಳ ಎಷ್ಟು ಜಾಸ್ತಿ ಆಯ್ತೋ?’

‘ಸಂಬಳ ಇಲ್ಲಮ್ಮ, ನಾವೇ ದುಡ್ಡು ಕೊಟ್ಟು ಆಡೋದು.’

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

‘ಇರ್ಲಿ ಬಿಡು. ಮುಂದಿನ್ದು ನಾಲ್ಕಂತೆ? ಬೇಗ ಆಗ್ಲಿ ಅಂತ ಗಣಪತಿಗೆ ಈಡುಗಾಯಿ ಹೇಳ್ಕೊಂಡಿದೀನಿ.’