ಕ್ಯೂಗೆ ಅಂಟಿದ ಕೊಳೆ ತೆಗೆಯಿರಿ, ಮರವನ್ನಲ್ಲ

ನಮ್ಮ ಕಾಸರಗೋಡಿನ ಸ್ನೂಕರ್, ಪೂಲ್ ಪಾರ್ಲರುಗಳ ಕಿಟಕಿ ದಂಡೆಯ ಮೇಲೆ, ಚೆಂಡು ಹೊಡೆಯುವ ಕೋಲನ್ನು ಅಂದರೆ ಕ್ಯೂವನ್ನು ಉಜ್ಜಲೆಂದು ಬಿದ್ದಿರುವ ಸ್ಯಾಂಡ್ ಪೇಪರ್ ತುಂಡುಗಳನ್ನೆಲ್ಲ ಒಟ್ಟುಮಾಡಿ ಕಸದ ಬುಟ್ಟಿಗೆ ಹಾಕಬೇಕು. ಇದನ್ನು ಪಾರ್ಲರಿನಲ್ಲಿ ಬಾಯಿಮಾತಿನಲ್ಲಿ ಹೇಳಿದಾಗ ಹುಡುಗರು ತಲೆಯಾಡಿಸುತ್ತಾರೆ, ಮರುದಿನ ಅದೇ ತುಂಡು ಅದೇ ಜಾಗದಲ್ಲಿ ಇರುತ್ತದೆ. ಆದ್ದರಿಂದ ಕಾರಣಗಳನ್ನೂ ಸೇರಿಸಿ ಉದ್ದಕ್ಕೇ ಬರೆಯುತ್ತಿದ್ದೇನೆ. ಆಡುವವರು ದಯವಿಟ್ಟು ಕೊನೆಯವರೆಗೆ ಓದಿ.

ಇಲ್ಲಿನ ಹವೆ ಎಲ್ಲರಿಗೂ ಗೊತ್ತೇ ಇದೆ. ಬೇಸಗೆಯಲ್ಲಿ ಬೆವರು ನಿಲ್ಲುವುದಿಲ್ಲ, ಜೂನ್ ಬಂದರೆ ಗೋಡೆಯೇ ಒಸರುತ್ತದೆ. ಫ್ಯಾನ್ ತಿರುಗುವ ಕೋಣೆಯಲ್ಲಿ ಎರಡು ಫ್ರೇಮ್ ಆಡುವಷ್ಟರಲ್ಲಿ ಅಂಗೈ ಒದ್ದೆ. ಅದರ ಜೊತೆಗೆ ಕೆಳಗಿನ ಅಂಗಡಿಯಿಂದ ಬಂದ ಬಾಳೆಹಣ್ಣಿನ ಪೋಡಿಯ ಎಣ್ಣೆ. ಕ್ಯೂನ ತುದಿಯ ಟಿಪ್ಪಿಗೆ ಹಚ್ಚಿದ ಚಾಕ್ ಉದುರಿ ಶಾಫ್ಟಿನ, ಅಂದರೆ ಕ್ಯೂನ ಮುಂಭಾಗದ ಸಪೂರ ಮರದ, ಮೇಲೆ ಕೂರುತ್ತದೆ, ಬೆವರು ಅದನ್ನು ಕಲಸುತ್ತದೆ, ಕ್ಯೂಗೆ ಆಸರೆಯಾಗಿ ಟೇಬಲ್ಲಿನ ಮೇಲೆ ಬ್ರಿಡ್ಜ್ ಮಾಡಿದ ಬೆರಳುಗಳ ನಡುವೆ ಕ್ಯೂ ಹಿಂದೆ ಮುಂದೆ ಹೋಗುವಾಗಲೆಲ್ಲ ಆ ನೀಲಿ ಹಿಟ್ಟು ಮರದ ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ. ಕ್ಯೂ ತಡೆದು ತಡೆದು ಜಾರತೊಡಗುತ್ತದೆ. ಹುಡುಗ ಕಿಟಕಿಯತ್ತ ಕೈಚಾಚುತ್ತಾನೆ, ಒಂದು ನಿಮಿಷ ಗಸಗಸ ಉಜ್ಜುತ್ತಾನೆ, ಉಫ್ ಎಂದು ಊದುತ್ತಾನೆ. ಕ್ಯೂ ರೇಷ್ಮೆಯಾಯಿತೆಂದು ಖುಷಿಪಡುತ್ತಾನೆ. ಆದರೆ ಆ ಖುಷಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಉಜ್ಜಿದ ಮೇಲೆ ಹೊಸದಾಗಿ ತೆರೆದುಕೊಂಡ ಮರ ಬೆವರನ್ನೂ ಚಾಕನ್ನೂ ಇನ್ನಷ್ಟು ಬೇಗ ಹೀರುತ್ತದೆ. ಮತ್ತೆ ಸ್ಯಾಂಡ್ ಪೇಪರ್, ಮತ್ತೆ ಗಸಗಸ.

"ಅಣ್ಣಾ, ಸ್ವಲ್ಪ ಉಜ್ಜಿದರೆ ಅಂಥಾದ್ದೇನಾಗುತ್ತದೆ?" ಎಂದು ಕೇಳುವವರು ಒಂದು ಪರೀಕ್ಷೆ ಮಾಡಿ. ಪಾರ್ಲರಿನ ಸ್ಟ್ಯಾಂಡಿನಿಂದ ಒಂದು ಹಳೆಯ ಕ್ಯೂ ತೆಗೆಯಿರಿ. ಟಿಪ್ಪಿನ ಕೆಳಗೆ ಒಂದು ಬಳೆಯಿರುತ್ತದಲ್ಲ, ಸ್ನೂಕರ್ ಕ್ಯೂನಲ್ಲಿ ಹಿತ್ತಾಳೆಯದ್ದು, ಪೂಲ್ ಕ್ಯೂನಲ್ಲಿ ಬಿಳಿಯದ್ದು, ಅದೇ ಫೆರೂಲ್. ಉಗುರನ್ನು ಅದರ ಮೇಲಿಟ್ಟು ಮೆಲ್ಲಗೆ ಮರದ ಕಡೆಗೆ ಎಳೆಯಿರಿ. ಹೊಸ ಕ್ಯೂನಲ್ಲಿ ಉಗುರಿಗೆ ಏನೂ ಗೊತ್ತಾಗುವುದಿಲ್ಲ, ಬಳೆಯೂ ಮರವೂ ಒಂದೇ ಮಟ್ಟ. ಹಳೆಯ ಕ್ಯೂನಲ್ಲಿ ಉಗುರು ಟಕ್ಕೆಂದು ಒಂದು ಮೆಟ್ಟಿಲು ಇಳಿಯುತ್ತದೆ. ಹಿತ್ತಾಳೆ ಸವೆಯಲಿಲ್ಲ, ಮರ ಸವೆಯಿತು. ಬೆಳಕಿಗೆ ಹಿಡಿದು ನೋಡಿದರೆ ಬ್ರಿಡ್ಜ್ ಕೈ ಓಡಾಡುವ ಜಾಗದಲ್ಲಿ ಶಾಫ್ಟಿನ ಸೊಂಟ ಕುಗ್ಗಿರುವುದೂ ಕಾಣುತ್ತದೆ.

ಈ ಮೆಟ್ಟಿಲು ಬರಿಯ ಅಂದದ ಪ್ರಶ್ನೆಯಲ್ಲ. ಸರಳಿನ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಪೂಲ್ ಕ್ಯೂನ ಶಾಫ್ಟ್ ಟಿಪ್ಪಿನ ಕಡೆ ಸಾಮಾನ್ಯವಾಗಿ 13 ಮಿಲಿಮೀಟರ್ ಆಸುಪಾಸು. ಅದನ್ನು ಉಜ್ಜಿ ಉಜ್ಜಿ 12ಕ್ಕೆ ಇಳಿಸಿದರೆ ಆ ಭಾಗದ ಬಿಗಿ ಕಾಲುಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಸ್ನೂಕರ್ ಕ್ಯೂ ಮೊದಲೇ ಸಪೂರ, 9ರಿಂದ 10 ಮಿಲಿಮೀಟರ್. ಅಲ್ಲಿ ಒಂಬತ್ತೂವರೆ ಒಂಬತ್ತಾದರೆ ಸಾಕು, ಬಿಗಿಯ ಐದನೆಯ ಒಂದು ಪಾಲು ಹೋಯಿತು. ಸೈಡ್ ಕೊಟ್ಟು, ಅಂದರೆ ಚೆಂಡಿನ ನಡುವಿಗಲ್ಲದೆ ಬದಿಗೆ, ಹೊಡೆದಾಗ ಚೆಂಡು ಎಷ್ಟು ಪಕ್ಕಕ್ಕೆ ಸರಿದು ಹೊರಡುತ್ತದೆ ಎಂಬ ಲೆಕ್ಕ ಆಡುವವನ ಕಣ್ಣಿನಲ್ಲಿ ವರ್ಷಗಟ್ಟಲೆಯ ಅಭ್ಯಾಸದಿಂದ ಕೂತಿರುತ್ತದೆ. ಶಾಫ್ಟಿನ ತೂಕ ಮತ್ತು ಬಿಗಿ ಬದಲಾದರೆ ಆ ಲೆಕ್ಕ ತಪ್ಪುತ್ತದೆ. ಹುಡುಗ ತನ್ನ ಕೈಯನ್ನು ದೂರುತ್ತಾನೆ, ಕೆಟ್ಟಿದ್ದು ಕ್ಯೂ.

ಹಾಗಾದರೆ ಕೊಳೆ ಹೋಗುವುದು ಹೇಗೆ? ಮೊದಲು ಕೊಳೆ ಎಂಥದ್ದೆಂದು ತಿಳಿಯಬೇಕು. ಚಾಕ್ ಎಂದು ನಾವು ಹಚ್ಚುವುದು ಶಾಲೆಯ ಸೀಮೆಸುಣ್ಣದ ಜಾತಿಯದ್ದಲ್ಲ. ಅಮೆರಿಕದಲ್ಲಿ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಎಂಬಿಬ್ಬರು 1897ರಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ಅದು ಸಿಲಿಕಾ, ಅಲ್ಯೂಮಿನಿಯಂ ಆಕ್ಸೈಡಿನಂಥ ಗಟ್ಟಿ ಪುಡಿಗಳನ್ನು ಬಣ್ಣದೊಂದಿಗೆ ಅಂಟಿಸಿದ ಬಿಲ್ಲೆ. ಅಂದರೆ ಶಾಫ್ಟಿನ ಮೇಲೆ ಕೂತಿರುವುದೇ ಉಜ್ಜುವ ಪುಡಿ, ಅದನ್ನು ಹಿಡಿದಿಟ್ಟಿರುವುದು ಬೆವರು, ಎಣ್ಣೆ. ಮೊದಲು ಅದನ್ನು ಒರೆಸಿ ಎತ್ತಬೇಕು, ತಿಕ್ಕಿ ಒಳಗೆ ತುರುಕಬಾರದು.

ಒಣ ಮೈಕ್ರೋಫೈಬರ್ ಬಟ್ಟೆ ಮುಕ್ಕಾಲು ಕೆಲಸ ಮಾಡುತ್ತದೆ. ಪ್ರತಿ ಆಟ ಮುಗಿದ ಕೂಡಲೇ, ಬೆವರು ಒಣಗುವ ಮೊದಲೇ, ಫೆರೂಲಿನಿಂದ ಶುರುಮಾಡಿ ಶಾಫ್ಟಿನ ಉದ್ದಕ್ಕೂ ಬಿಗಿಯಾಗಿ ಹಿಡಿದು ಎಳೆಯಿರಿ. ಬಟ್ಟೆಯ ಮೇಲೆ ಬರುವ ನೀಲಿ ಗೆರೆಯನ್ನು ನೋಡಿದರೆ ಇಷ್ಟು ದಿನ ಅದೆಲ್ಲ ಎಲ್ಲಿ ಹೋಗುತ್ತಿತ್ತೆಂದು ಗೊತ್ತಾಗುತ್ತದೆ. ಇದನ್ನು ತಪ್ಪದೆ ಮಾಡುವವನಿಗೆ ಮುಂದೆ ಬರೆದಿರುವ ಬಹುಪಾಲು ಕೆಲಸ ಅಪರೂಪಕ್ಕೆ ಮಾತ್ರ ಬೇಕಾದೀತು.

ಹಳೆಯ ಕೊಳೆಗೆ ಒದ್ದೆ ಬಟ್ಟೆ. ನೀರನ್ನು ಪೂರ್ತಿ ಹಿಂಡಿದ, ಬರಿಯ ತಂಪು ಉಳಿದ ಬಟ್ಟೆ ಎಂದು ತಿಳಿಯಿರಿ. ಒಂದು ಗೇಣು ಉದ್ದ ಬೇಗ ಬೇಗ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ತೇವ ತೆಗೆದು, ಮುಂದಿನ ಗೇಣಿಗೆ ಹೋಗಿ. ಟಿಪ್ ಮತ್ತು ಫೆರೂಲಿನ ಬೆಸುಗೆಗೆ ನೀರು ತಾಗಿಸಬೇಡಿ. ಟಿಪ್ ಚರ್ಮದ್ದು, ಅದನ್ನು ಹಿಡಿದಿರುವುದು ಅಂಟು. ನೀರು ಮರವನ್ನು ಉಬ್ಬಿಸುತ್ತದೆ, ಒಣಗಿದ ಮೇಲೆ ಮೇಲ್ಮೈಯ ನಾರುಗಳು ಎದ್ದು ನಿಂತು ಒರಟಾಗುತ್ತವೆ. ಇಲ್ಲೇ ಹೆಚ್ಚಿನವರು ಹೆದರಿ ಮತ್ತೆ ಸ್ಯಾಂಡ್ ಪೇಪರ್ ಹಿಡಿಯುತ್ತಾರೆ. ಬೇಡ. ಎದ್ದ ನಾರನ್ನು ಕತ್ತರಿಸಬೇಕಾಗಿಲ್ಲ, ಮಲಗಿಸಿದರೆ ಸಾಕು.

ಮಲಗಿಸುವ ಸಾಧನ ಚರ್ಮದ ತುಂಡು. ಚಪ್ಪಲಿ ಹೊಲಿಯುವವರ ಬಳಿ ಕೇಳಿದರೆ ಅಂಗೈ ಅಗಲದ್ದು ಸಿಗುತ್ತದೆ. ಬಣ್ಣ ಬಿಡದ, ಪಾಲಿಷ್ ಹಚ್ಚದ ಚರ್ಮ ಬೇಕು. ಸಿಗದಿದ್ದರೆ ದಪ್ಪನೆಯ ಬಿಳಿ ಕಾಗದವೂ ಆದೀತು. ಶಾಫ್ಟ್ ಪೂರ್ತಿ ಒಣಗುವವರೆಗೆ ಫ್ಯಾನಿನ ಕೆಳಗೆ ಇಡಿ. ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತಪ್ಪಿಲ್ಲ, ಬಿಸಿಲಿಗೆ ಮಾತ್ರ ಇಡಬೇಡಿ. ಆಮೇಲೆ ಚರ್ಮವನ್ನು ಶಾಫ್ಟಿಗೆ ಸುತ್ತಿ, ಬಿಗಿಹಿಡಿದು, ಉದ್ದಕ್ಕೆ ವೇಗವಾಗಿ ಉಜ್ಜಿ. ಚರ್ಮದ ಮೂಲಕ ಬೆರಳಿಗೆ ಬಿಸಿ ತಾಗಬೇಕು. ಹಿಡಿಯಲಾಗದಷ್ಟು ಬಿಸಿಯಾದರೆ ನಿಲ್ಲಿಸಿ, ಮುಂದಿನ ಭಾಗಕ್ಕೆ ಸರಿಯಿರಿ. ಫೆರೂಲಿನ ಹತ್ತಿರ ಬಿಸಿ ಹೆಚ್ಚಾದರೆ ಅಂಟು ಸಡಿಲವಾಗುತ್ತದೆ. ಆ ಬಿಸಿಗೂ ಒತ್ತಡಕ್ಕೂ ನಾರುಗಳು ಮಲಗಿ, ಮರದ ಮೈಯಲ್ಲಿ ಒಂದು ಮಂದ ಹೊಳಪು ಏಳುತ್ತದೆ. ಪಳಗಿದ ದೋಸೆ ಕಾವಲಿಯ ಹಾಗೆ, ಈ ಹೊಳಪು ಬಳಸಿದಷ್ಟೂ ಕೂಡಿಕೊಳ್ಳುವಂಥದ್ದು. ಸ್ಯಾಂಡ್ ಪೇಪರ್ ಒಂದೇ ನಿಮಿಷದಲ್ಲಿ ಅದನ್ನು ಕೆರೆದು ಹಾಕುತ್ತದೆ.

ಬಗ್ಗದ ಕೊಳೆಗೆ ಔಷಧದಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್. ಬಾಟಲಿಯಿಂದ ಶಾಫ್ಟಿಗೆ ಸುರಿಯಬಾರದು, ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಬೇಕು. ಬೇಗ ಆರುವುದರಿಂದ ಮರ ನೀರಿಗಿಂತ ಕಡಿಮೆ ಉಬ್ಬುತ್ತದೆ. ಆದರೆ ಹಿಡಿಕೆಯ ಕಡೆಯ ವಾರ್ನಿಷಿಗೆ ತಾಗಿದರೆ ಹೊಳಪು ಮಾಸಬಹುದು, ಆ ಕಡೆಗೆ ಒಯ್ಯಬೇಡಿ. ಇದು ಬೆಂಕಿ ಹತ್ತುವ ವಸ್ತು. ಕಿಟಕಿ ತೆರೆದಿಡಿ. ಸಿಗರೇಟ್, ಊದಿನಕಡ್ಡಿ, ದೇವರ ಫೋಟೋದ ಮುಂದಿನ ದೀಪ, ಇವು ಹತ್ತಿರ ಇರುವಾಗ ಮುಚ್ಚಳ ಬಿಚ್ಚಬೇಡಿ. ಥಿನ್ನರ್, ನೇಲ್ ಪಾಲಿಷ್ ತೆಗೆಯುವ ದ್ರವ ಎರಡೂ ಬೇಡವೇ ಬೇಡ, ಬಿಳಿ ಫೆರೂಲನ್ನೂ ಅಂಟನ್ನೂ ತಿನ್ನುತ್ತವೆ.

ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಮೆತ್ತಗಿದೆಯೆಂದು ಕೆಲವರು ಅದನ್ನು ಹಿಡಿಯುತ್ತಾರೆ. ಅದರೊಳಗೂ ಉಜ್ಜುವ ಖನಿಜದ ಪುಡಿಯೇ ಇರುವುದು. ಗೋಡೆಯ ಕಲೆ ತೆಗೆಯುವ ಬಿಳಿ ಸ್ಪಂಜೂ ಅಷ್ಟೇ, ಬಹಳ ನುಣ್ಣನೆಯ ಸ್ಯಾಂಡ್ ಪೇಪರ್ ಎಂದು ತಿಳಿದುಕೊಳ್ಳಿ. ಬದಿಯಡ್ಕ ಕಡೆಯ ಗೆಳೆಯರೊಬ್ಬರು ಗರಗತ್ತಿ ಎಲೆ ಒಳ್ಳೆಯದಲ್ಲವೇ ಎಂದು ಕೇಳಿದರು. ನಮ್ಮ ಹಳೆಯ ಆಚಾರಿಗಳು ಅದರಿಂದಲೇ ಮರ ನುಣುಪು ಮಾಡುತ್ತಿದ್ದರು, ಅದು ನಿಜ. ಹಲಸಿನ ಮಣೆಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಎಲೆಯಾದರೂ ಮರವನ್ನು ತೆಗೆಯುವುದೇ ಅದರ ಕೆಲಸ. ಮಣೆಯಿಂದ ಅರ್ಧ ಮಿಲಿಮೀಟರ್ ಹೋದರೆ ಯಾರಿಗೂ ನಷ್ಟವಿಲ್ಲ, ಕ್ಯೂನಿಂದ ಹೋದರೆ ಇದೆ.

ಟಾಲ್ಕಂ ಪೌಡರ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟು. ಕೈಗೆ ಬಳಿದ ಪೌಡರ್ ಬೆವರಿನೊಂದಿಗೆ ಸೇರಿ ಶಾಫ್ಟಿನ ರಂಧ್ರ ತುಂಬುತ್ತದೆ, ಟೇಬಲ್ಲಿನ ಹಸಿರು ಬಟ್ಟೆಯ ಮೇಲೆ ಬಿಳಿ ಬೆರಳಚ್ಚು ಬಿಡುತ್ತದೆ. ಸೋಪಿನಿಂದ ಕೈ ತೊಳೆದು ಒರೆಸಿಕೊಂಡು ಬಂದರೆ ಅರ್ಧ ಸಮಸ್ಯೆ ಅಲ್ಲಿಯೇ ಮುಗಿಯುತ್ತದೆ. ತುಂಬ ಬೆವರುವವರು ಮೂರು ಬೆರಳಿನ ಕೈಗವಸು ಹಾಕಿಕೊಳ್ಳಲಿ. ಅದನ್ನು ಹಾಕಿದವರನ್ನು ನೋಡಿ ನಗುವುದನ್ನು ನಾವು ಬಿಡೋಣ.

ಮರದ ಜಾತಿಯನ್ನೂ ನೋಡಬೇಕು. ಪೂಲ್ ಶಾಫ್ಟ್ ಹೆಚ್ಚಾಗಿ ಮೇಪಲ್, ಒತ್ತಾದ ನಾರಿನ ಮರ. ಅದಕ್ಕೆ ಚರ್ಮದಿಂದ ಉಜ್ಜಿದ ಮೇಲೆ ಕಾರ್ನೌಬಾ ಮೇಣವನ್ನು ತೀರಾ ತೆಳ್ಳಗೆ ಹಚ್ಚಿ ಒರೆಸಿದರೆ ಸಾಕು. ಸ್ನೂಕರ್ ಕ್ಯೂ ಹೆಚ್ಚಾಗಿ ಆ್ಯಶ್, ಬಾಣದ ತುದಿಯಂಥ ಕಪ್ಪು ಗೆರೆಗಳು ಕಾಣುತ್ತವಲ್ಲ, ಅದು. ಅದರ ರಂಧ್ರಗಳು ತೆರೆದಿರುತ್ತವೆ, ಅದಕ್ಕೆ ಅಗಸೆ ಎಣ್ಣೆಯ ಕೆಲವು ಹನಿ ಹಚ್ಚಿ, ಹೀರಲು ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯುವ ರೂಢಿಯಿದೆ.

ಇಲ್ಲಿ ಒಂದು ಮಾತನ್ನು ಪಾರ್ಲರ್ ನಡೆಸುವವರು ಗಟ್ಟಿಯಾಗಿ ಮನಸ್ಸಿಗೆ ಹಾಕಿಕೊಳ್ಳಬೇಕು. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿ ಹುಟ್ಟಿಸುತ್ತದೆ. ಎಣ್ಣೆಯ ಬಟ್ಟೆಯನ್ನು ಉಂಡೆಗಟ್ಟಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ, ಯಾರೂ ಕಡ್ಡಿ ಗೀರದಿದ್ದರೂ ತಾನಾಗಿ ಹೊತ್ತಿಕೊಳ್ಳಬಹುದು. ನಮ್ಮ ಪಾರ್ಲರುಗಳಲ್ಲಿ ಹಲವು ಇರುವುದು ಬಟ್ಟೆಯಂಗಡಿ, ಚಪ್ಪಲಿಯಂಗಡಿಗಳ ಮಹಡಿಯ ಮೇಲೆ. ಬಟ್ಟೆಯನ್ನು ಬಿಡಿಸಿ ಹೊರಗಿನ ಗಾಳಿಯಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.

ಸ್ಯಾಂಡ್ ಪೇಪರಿಗೆ ಜಾಗವೇ ಇಲ್ಲವೇ? ಇದೆ. ಟಿಪ್ ಹೊಸದಾಗಿ ಕೂರಿಸಿದಾಗ, ಶಾಫ್ಟ್ ಒಡೆದು ಸೀಳೆದ್ದಾಗ, ಕೆಲಸ ಬಲ್ಲವರು ಕ್ಯಾಲಿಪರ್ ಹಿಡಿದು ಅಳತೆ ನೋಡಿಕೊಂಡು ಮಾಡುವ ರಿಪೇರಿಗೆ ಅದು ಬೇಕು. ಆಗಲೂ ಮೂಗಿಗೆ ಮಾಸ್ಕ್ ಇರಲಿ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಉಜ್ಜಿ ಬಾಯಿಂದ ಊದುವ ಅಭ್ಯಾಸವಿದೆಯಲ್ಲ, ಆ ಧೂಳು ಮೊದಲು ಹೋಗುವುದು ಊದಿದವನ ಮುಖಕ್ಕೇ. ಗಲ್ಫಿನಿಂದ ಬರುವವರು ಈಚೆಗೆ ಕಾರ್ಬನ್ ಫೈಬರ್ ಶಾಫ್ಟ್ ತರುತ್ತಿದ್ದಾರೆ. ಅದಕ್ಕೆ ಒದ್ದೆ ಬಟ್ಟೆಯೋ ಆಲ್ಕೋಹಾಲ್ ಬಟ್ಟೆಯೋ ಸಾಕು, ಉಜ್ಜುವ ಮಾತೇ ಬೇಡ. ಅದರ ಧೂಳು ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು.

ಇಷ್ಟೊಂದು ಬರೆಯುವುದಕ್ಕೆ ಕಾರಣವಿದೆ. ಪಾರ್ಲರ್ ಎಂದರೆ ಕೆಲಸವಿಲ್ಲದ ಹುಡುಗರ ಅಡ್ಡೆ ಎಂದು ಮನೆಗಳಲ್ಲಿ ಈಗಲೂ ಗೊಣಗುತ್ತಾರೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ, ಅದರ ನಿಯಮಗಳು ರೂಪುಗೊಂಡಿದ್ದು 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು. ಒಂದೇ ಟೇಬಲ್ಲಿನ ಸುತ್ತ ಕನ್ನಡ, ಮಲಯಾಳಂ, ತುಳು, ಬ್ಯಾರಿ ಮಾತಾಡುವ ಹುಡುಗರು ಸಿಟ್ಟಿಲ್ಲದೆ ಸೋಲುವುದನ್ನು ಕಲಿಯುವ ಜಾಗ ನಮ್ಮಲ್ಲಿ ಇನ್ನೆಷ್ಟಿವೆ? ಸ್ವಂತ ಕ್ಯೂ ಕೊಳ್ಳಲಾಗದ ಹುಡುಗ ಕಲಿಯುವುದು ಸ್ಟ್ಯಾಂಡಿನಲ್ಲಿರುವ ಕ್ಯೂನಿಂದಲೇ. ಅದು ಎಲ್ಲರ ಸೊತ್ತು. ಅದನ್ನು ಕೆರೆದು ಹಾಳುಮಾಡಿದರೆ ನಷ್ಟವಾಗುವುದು ಅವನಿಗೆ.

ಕಾಸರಗೋಡು, ಕುಂಬಳೆ, ಉಪ್ಪಳ, ಮುಳ್ಳೇರಿಯ ಸುತ್ತಮುತ್ತ ಪಾರ್ಲರ್ ನಡೆಸುವವರಲ್ಲಿ ಒಂದು ಕೋರಿಕೆ. ಚಾಕ್ ಇಡುವ ಜಾಗದ ಪಕ್ಕದಲ್ಲಿ ಒಂದು ಮೊಳೆ ಹೊಡೆದು ಮೈಕ್ರೋಫೈಬರ್ ಬಟ್ಟೆಯೊಂದನ್ನು, ಚರ್ಮದ ತುಂಡೊಂದನ್ನು ತೂಗುಹಾಕಿ. ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಿರಿ, ಇಲ್ಲದಿದ್ದರೆ ಒಬ್ಬರ ಚಾಕ್ ಇನ್ನೊಬ್ಬರ ಕ್ಯೂಗೆ ಹೋಗುತ್ತದೆ. ಕ್ಯೂಗಳನ್ನು ಒಸರುವ ಗೋಡೆಗೆ ಓರೆಯಾಗಿ ಒರಗಿಸದೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಯಾರಿಗಾದರೂ ಒರೆಸುವ, ಚರ್ಮದಿಂದ ಉಜ್ಜುವ ಕ್ರಮ ಕಣ್ಣಾರೆ ನೋಡಬೇಕೆಂದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ನಿಮ್ಮ ಪಾರ್ಲರಿಗೇ ಬಂದು ತೋರಿಸುತ್ತೇನೆ. ಕ್ಯಾಲಿಪರ್ ಕೂಡ ತರುತ್ತೇನೆ, ಸ್ಟ್ಯಾಂಡಿನ ಪ್ರತಿಯೊಂದು ಕ್ಯೂವನ್ನೂ ಅಳೆದು ಬರೆದಿಡೋಣ. ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಅಳೆಯೋಣ.